ಬಂಡೀಪುರವೋ ಕಬಿನಿಯೋ? ಹೋಗಿ ಬಂದವರು ಹೇಳಿ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 68, ಮಂಡಿನೋವು ಇದೆ. ಮಗನಿಗೆ 7. ಏಪ್ರಿಲ್‌ನಲ್ಲಿ ಎರಡು ದಿನ ಬಿಡುವಿದೆ. ಬಂಡೀಪುರ ಒಳ್ಳೆಯದಾ, ನಾಗರಹೊಳೆಯ ಕಬಿನಿ ಕಡೆಯಾ? ಸಫಾರಿಗೆ ಬಸ್ಸಾ, ಜೀಪಾ?

ಮುತ್ತುಗ:
ಕಬಿನಿಗೇ ಹೋಗಿ. ನಾವು ಹೋದ ವರ್ಷ ಮೇ ಮೊದಲ ವಾರ ಹೋಗಿದ್ದೆವು. ಬೇಸಿಗೆಯಲ್ಲಿ ಹಿನ್ನೀರು ಇಳಿದು ಅಂಚಿನಲ್ಲಿ ಹಸಿರು ಹುಲ್ಲು ಬರುತ್ತೆ, ಆನೆಗಳೆಲ್ಲ ಅಲ್ಲಿಗೇ ಇಳಿಯುತ್ತವೆ. 43ರವರೆಗೆ ಎಣಿಸಿದೆ, ಆಮೇಲೆ ಮರಿಗಳು ಅಡ್ಡಾಡಿ ಲೆಕ್ಕ ತಪ್ಪಿತು. ಖರ್ಚು ಮಾತ್ರ ಜಾಸ್ತಿ. ಮೂವರಿಗೆ ಒಂದು ರಾತ್ರಿ, ಊಟ, ಎರಡು ಸಫಾರಿ ಸೇರಿ 34,000. ದೊಡ್ಡ ಲೆನ್ಸಿಗೆ ಬೇರೆ ದುಡ್ಡು ಕಟ್ಟಿದೆವು. ಬೆಂಗಳೂರಿಂದ ಹೋಗಿ ಬರಲು ಡೀಸೆಲ್ 3,800. ಹುಲಿ ಸಿಗಲಿಲ್ಲ. ದಮ್ಮನಕಟ್ಟೆ ಕಡೆ ಒಂದು ಕೆರೆ ಹತ್ತಿರ ಜಿಂಕೆ ಕೂಗಿತು, ಮುಸುವ ಕೂಗಿತು, ಹುಲಿ ಹತ್ತಿರ ಇರಬೇಕು ಅಂತ ಇಂಜಿನ್ ಆಫ್ ಮಾಡಿ 40 ನಿಮಿಷ ಕೂತೆವು. ನಾವು ಹೊರಟು ಐದೇ ನಿಮಿಷಕ್ಕೆ ಹುಲಿ ರಸ್ತೆ ದಾಟಿದೆ, ಹಿಂದಿನ ಜೀಪಿನವರು ಫೋಟೊ ತೋರಿಸಿದರು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಕಿಟಕಿ ಸೀಟು:
ಅಷ್ಟು ದುಡ್ಡು ಕೊಟ್ಟು ಹುಲಿ ನೋಡದೆ ಬಂದವರು ಇನ್ನೊಬ್ಬರಿಗೆ ಅಲ್ಲಿಗೇ ಹೋಗಿ ಅಂತ ಹೇಗೆ ಹೇಳ್ತೀರಿ? ನಾನು 2016ರಿಂದ ಬಂಡೀಪುರಕ್ಕೆ ಒಂಬತ್ತು ಸಲ ಹೋಗಿದ್ದೇನೆ, ಒಂಬತ್ತೂ ಸಲ ಬಸ್ಸಲ್ಲೇ. ಗುಂಡ್ಲುಪೇಟೆಯಲ್ಲಿ ರೂಮು 1,400, ಇಬ್ಬರಿಗೆ ಊಟ ತಿಂಡಿ 700, ಅಷ್ಟೇ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಮೇಲುಕಾಮನಹಳ್ಳಿಗೆ ಹೋಗಿ ಟಿಕೆಟಿಗೆ ನಿಲ್ಲುತ್ತೇವೆ. ಏಳು ಸಲ ಬರೀ ಜಿಂಕೆ, ಕಾಟಿ, ನವಿಲು. ಎಂಟನೇ ಸಲ ಸಿಕ್ಕಿತು. ಲಂಟಾನ ಅನ್ನೋ ಕಳೆಗಿಡದ ಪೊದೆಯಿಂದ ಬಂದು ಮಣ್ಣು ರಸ್ತೆಯಲ್ಲಿ ನಮ್ಮ ಮುಂದೆಯೇ ನಡೆಯಿತು, ಒಂದು ಸಲವೂ ತಿರುಗಿ ನೋಡಲಿಲ್ಲ. ನಡೆಯುವಾಗ ಹೆಗಲ ಮೂಳೆ ಒಂದಾದ ಮೇಲೊಂದು ಏಳುತ್ತಿತ್ತು. ಬಸ್ಸಲ್ಲಿದ್ದ ಕೈಗೂಸು ಕೂಡ ಅಳಲಿಲ್ಲ. ನನ್ನ ಹೆಂಡತಿ ಅತ್ತಳು.

ಮುತ್ತುಗ:
ನಾನು ಹೋಗಿದ್ದೇ ಆನೆ ನೋಡೋಕೆ ಸ್ವಾಮಿ. ಕಾಡು ಅಂದ್ರೆ ಹುಲಿ ಮಾತ್ರಾನಾ? ಇಂಥದೇ ಒಂದು ಬಸ್ಸಲ್ಲಿ, ಬೇರೆ ಕಾಡಲ್ಲಿ, ಹಿಂದಿನ ಸೀಟಲ್ಲಿ ಕೂತು ನಮ್ಮತ್ತೆಗೆ ಸೊಂಟ ಹಿಡಿಯಿತು. ಫಿಸಿಯೋಥೆರಪಿ ಹತ್ತು ದಿನ, ದಿನಕ್ಕೆ 600, ಮೇಲೆ ಬೆಲ್ಟ್ 1,150. ಉಳಿಸಿದ್ದೆಲ್ಲ ಅಲ್ಲಿಗೆ ಹೋಯಿತು.

ಕಿಟಕಿ ಸೀಟು:
ವಯಸ್ಸಾದವರನ್ನು ಹಿಂದಿನ ಸೀಟಲ್ಲಿ ಯಾಕೆ ಕೂರಿಸಿದಿರಿ? ಬೇಗ ಹೋಗಿ ಮುಂದೆ ಜಾಗ ಹಿಡಿಯಬೇಕು. ಅದು ಬಸ್ಸಿನ ತಪ್ಪಲ್ಲ.

ದಾರಿಹೋಕ:
ಸಫಾರಿ ಬಿಡಿ, ರಸ್ತೆ ವಿಷಯ ಯಾರೂ ಹೇಳಲ್ಲ. ವಯನಾಡಿನಿಂದ ವಾಪಸ್ ಬರುವಾಗ ಊಟಕ್ಕೆ ನಿಂತು ತಡವಾಯಿತು, ಬಂಡೀಪುರ ಕಾಡಿನ ಗೇಟಿಗೆ ಬಂದಾಗ ರಾತ್ರಿ 9 ಗಂಟೆ 10 ನಿಮಿಷ. ಒಂಬತ್ತಕ್ಕೆ ಮುಚ್ಚುತ್ತಾರೆ, ತಡ ಆಗಿದ್ದು ಹತ್ತೇ ನಿಮಿಷ! ಬಿಡಲಿಲ್ಲ. ಬೆಳಗ್ಗೆ 6ರವರೆಗೆ ಕಾರಲ್ಲೇ, ಇಬ್ಬರು ಮಕ್ಕಳು, ಒಂದು ಬಾಟಲಿ ನೀರು. ಚಿಕ್ಕವಳಿಗೆ ಎರಡು ಸಲ ವಾಂತಿ. ಹಗಲು ಬಿಡುವ ರಸ್ತೆಯನ್ನು ರಾತ್ರಿ ಮುಚ್ಚೋದು ಯಾವ ನ್ಯಾಯ?

ಗುಂಡ್ಲುಪೇಟೆ ರೈತ:
ಆ ನಿಯಮ 2009ರಿಂದ ಇದೆ ಅಣ್ಣ. ಅದಕ್ಕೂ ಮುಂಚೆ ಬೆಳಗಾದರೆ ರಸ್ತೆಯಲ್ಲಿ ಸತ್ತ ಜಿಂಕೆ ಬಿದ್ದಿರುತ್ತಿದ್ದವು. ಲಾರಿ ಬಡಿದು ಕರುಳು ಹೊರಗೆ ಬಂದು ಇನ್ನೂ ಕಾಲು ಆಡಿಸುತ್ತಿದ್ದ ಕಡವೆಯನ್ನು ನಾನು ನೋಡಿದ್ದೇನೆ. ನಿಮ್ಮ ಮಗುವಿಗೆ ಕಷ್ಟ ಆಯ್ತು, ಒಪ್ಪಿದೆ. ಆದರೆ ಗೇಟು ತೆಗೆಯಿರಿ ಅನ್ನಬೇಡಿ.

ದಾರಿಹೋಕ:
ಹುಲಿ ನಿಮ್ಮ ಹಸು ಹಿಡಿದಾಗಲೂ ಹೀಗೇ ಹೇಳ್ತೀರಾ?

ಗುಂಡ್ಲುಪೇಟೆ ರೈತ:
ಹಿಡಿದಿದೆ. ಎರಡನೇ ಸೂಲಿನ ಹಸು, 52,000 ಕೊಟ್ಟು ತಂದಿದ್ದು, ದಿನಕ್ಕೆ 11 ಲೀಟರ್ ಕರೆಯುತ್ತಿತ್ತು. ಪರಿಹಾರಕ್ಕೆ ಓಡಾಡಿ ಓಡಾಡಿ ಚಪ್ಪಲಿ ಸವೆಯಿತು. ಸಿಟ್ಟು ಇನ್ನೂ ಇದೆ. ಆದರೂ ಹೇಳ್ತೀನಿ. ಒಳಗೆ ಹುಲ್ಲು ಬೆಳೆಯೋ ಜಾಗವನ್ನೆಲ್ಲ ಲಂಟಾನ ತುಂಬಿಕೊಂಡಿದೆ. ಜಿಂಕೆ ನಮ್ಮ ಹುರುಳಿಗೆ ಬರುತ್ತೆ, ಅದರ ಹಿಂದೆ ಹುಲಿ ಬರುತ್ತೆ. ಲಂಟಾನ ಕೀಳಿಸೋಕೆ ಗಲಾಟೆ ಮಾಡಿ, ನಾನೂ ಬರ್ತೀನಿ.

ಕಿಟಕಿ ಸೀಟು:
ಲಂಟಾನ ಕಿತ್ತ ಕಡೆ ಮತ್ತೆ ಚಿಗುರಿದ್ದನ್ನು ನಾನೇ ನೋಡಿದ್ದೇನೆ. ಸುಮ್ನೆ ದುಡ್ಡು ದಂಡ.

ಗುಂಡ್ಲುಪೇಟೆ ರೈತ:
ಒಂದು ಸಲ ಕಿತ್ತು ಬಿಟ್ಟರೆ ಚಿಗುರದೆ ಇರುತ್ತಾ? ಬೇರು ಸಮೇತ ತೆಗೆಯಬೇಕು, ಮುಂದಿನ ಮಳೆಗಾಲವೂ ಹೋಗಿ ನೋಡಬೇಕು. ಕಿಟಕಿಯಿಂದ ನೋಡಿ ಹೇಳಬೇಡಿ.

ಪ್ರಶ್ನೆ ಕೇಳಿದ ತಂಗಿ, ಏಪ್ರಿಲ್‌ನಲ್ಲಿ ಇಲ್ಲಿ ಎಲೆಯೆಲ್ಲ ಒಣಗಿ ನಿಂತಿರುತ್ತೆ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆ ಹೊತ್ತಿಕೊಂಡಾಗ ಹಸಿ ಸೊಪ್ಪು ಹಿಡಿದು ಬೆಂಕಿ ಬಡಿದಿದ್ದೇವೆ, ನನ್ನ ಎಡಗೈ ಮೇಲೆ ಇನ್ನೂ ಕಲೆ ಇದೆ. ಬಸ್ಸಲ್ಲಾದರೂ ಬನ್ನಿ, ಜೀಪಲ್ಲಾದರೂ ಬನ್ನಿ. ಜೊತೆಯಲ್ಲಿ ಬರುವವರ ಜೇಬಲ್ಲಿ ಬೆಂಕಿಪೊಟ್ಟಣ ಇದ್ದರೆ ಮನೆಯಲ್ಲೇ ಬಿಟ್ಟು ಬರೋಕೆ ಹೇಳಿ.