ಆಮ್‌ಸ್ಟರ್‌ಡ್ಯಾಮ್‌ನಿಂದ ಲಂಡನ್‌ಗೆ ಬರೀ 20 ನಿಮಿಷವಾ?

ಪ್ರಶ್ನೆ: ಬೆಂಗಳೂರಿಂದ ಅಪ್ಪ ಅಮ್ಮ ಬರ್ತಿದ್ದಾರೆ. ಒಂದು ತಿಂಗಳು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಮ್ಮ ಜೊತೆ ಇರುತ್ತಾರೆ. ನಡುವೆ ನಾಲ್ಕು ದಿನ ಲಂಡನ್ ತೋರಿಸುವ ಆಸೆ. ಇಲ್ಲಿನ ಸ್ಕಿಪೋಲ್ ಏರ್‌ಪೋರ್ಟ್‌ನಿಂದ 9:00ಕ್ಕೆ ಹೊರಟ ವಿಮಾನ ಲಂಡನ್‌ನ ಹೀಥ್ರೂಗೆ 9:20ಕ್ಕೆ ತಲುಪುತ್ತೆ ಅಂತ ತೋರಿಸುತ್ತಿದೆ. ನಿಜಕ್ಕೂ ಎಷ್ಟು ಹೊತ್ತು ಬೇಕು? ಹೋಗಿಬಂದವರು ಹೇಳಿ.

ಉತ್ತರ 1: ಲಂಡನ್ ಗಡಿಯಾರ ಒಂದು ಗಂಟೆ ಹಿಂದೆ. ಹಾಗಾಗಿ ಪ್ರಯಾಣ 1 ಗಂಟೆ 20 ನಿಮಿಷದ್ದು. ವಾಪಸ್ ಬರುವಾಗ ಇದೇ 2 ಗಂಟೆ 20 ನಿಮಿಷ ಅಂತ ಕಾಣುತ್ತೆ, ಗಾಬರಿಯಾಗಬೇಡಿ.

ನೇರ ದೂರ ಸುಮಾರು 370 ಕಿ.ಮೀ. ಅಷ್ಟೇ. ಒಂದು ಗಂಟೆಯೂ ಹಾರುವುದಿಲ್ಲ. ಆದರೆ ಸ್ಕಿಪೋಲ್‌ನಲ್ಲಿ ದೂರದ ಪೋಲ್ಡರ್‌ಬಾನ್ ರನ್‌ವೇ ಸಿಕ್ಕಿದರೆ ಅಲ್ಲಿಗೆ ಉರುಳಿಕೊಂಡು ಹೋಗುವುದಕ್ಕೇ 15-20 ನಿಮಿಷ ಬೇಕು. ದಾರಿಯಲ್ಲಿ ವಿಮಾನ ಹೆದ್ದಾರಿಯ ಮೇಲಿನ ಸೇತುವೆ ದಾಟುತ್ತೆ. ನಮ್ಮಪ್ಪ ಕಿಟಕಿಯಿಂದ ಕೆಳಗೆ ಕಾರು ಓಡುವುದು ನೋಡಿ, ನನ್ನ ತೋಳು ಹಿಡಿದು, "ಇನ್ನೂ ಹಾರಿಲ್ಲ ಅಲ್ವಾ?" ಅಂತ ಕೇಳಿದ್ದರು. ಅವರನ್ನು ಕಿಟಕಿ ಪಕ್ಕ ಕೂರಿಸಿ. ಹೀಥ್ರೂ ಹತ್ತಿರ ದಟ್ಟಣೆ ಇದ್ದರೆ ಇಳಿಯುವ ಮೊದಲು ಎರಡು ಮೂರು ಸುತ್ತು ಹಾಕಿಸುತ್ತಾರೆ, ಅದು ಮಾಮೂಲಿ.

ಎರಡು ಗಂಟೆ ಮೊದಲೇ ಏರ್‌ಪೋರ್ಟ್, ಆಮೇಲೆ ಇಮಿಗ್ರೇಷನ್ ಸಾಲು, ಅಲ್ಲಿಂದ ಊರೊಳಗೆ ಎಲಿಜಬೆತ್ ಲೈನ್ ರೈಲು. ಮನೆಯಿಂದ ಹೋಟೆಲ್‌ಗೆ 5-6 ಗಂಟೆ ಇಟ್ಟುಕೊಳ್ಳಿ.

ಸಮಯಕ್ಕಿಂತ ವೀಸಾ ಮೊದಲು ನೋಡಿ, ದಯವಿಟ್ಟು. ಷೆಂಗೆನ್ ವೀಸಾದಲ್ಲಿ (ನೆದರ್‌ಲ್ಯಾಂಡ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಲಂಡನ್‌ಗೆ ಬಿಡುವುದಿಲ್ಲ, ಬ್ರಿಟನ್‌ದು ಬೇರೆಯೇ ಬೇಕು. ನಿಮ್ಮದು ಭಾರತದ ಪಾಸ್‌ಪೋರ್ಟ್ ಆಗಿದ್ದರೆ ಡಚ್ ರೆಸಿಡೆನ್ಸ್ ಪರ್ಮಿಟ್ ಇದ್ದರೂ ನಿಮಗೂ ಬೇಕು. ಅಪ್ಪ ಅಮ್ಮನ ಷೆಂಗೆನ್ ವೀಸಾ ಸಿಂಗಲ್ ಎಂಟ್ರಿ (ಒಂದೇ ಸಲ ಒಳಗೆ ಬಿಡುವಂಥದ್ದು) ಆಗಿದ್ದರೆ ಲಂಡನ್‌ನಿಂದ ನಿಮ್ಮ ಮನೆಗೆ ವಾಪಸ್ ಬರುವುದಕ್ಕೇ ಆಗಲ್ಲ. ಮಲ್ಟಿಪಲ್ ಎಂಟ್ರಿ ಇದೆಯಾ ಅಂತ ಸ್ಟಿಕರ್ ನೋಡಿ. ಎರಡೂ ವೀಸಾ ಬೆಂಗಳೂರಲ್ಲೇ ಮುಗಿಸಿ ಹೊರಡಲಿ. ಇಲ್ಲಿಗೆ ಬಂದಮೇಲೆ ಮಾಡಿಸೋಣ ಅಂದರೆ ಆ ಒಂದು ತಿಂಗಳು ಸಾಲದು.

ಉತ್ತರ 2: ಹೀಥ್ರೂ ಒಂದೇ ಅಲ್ಲ, ಲಂಡನ್ ಸಿಟಿ ಏರ್‌ಪೋರ್ಟನ್ನೂ ನೋಡಿ. ಚಿಕ್ಕದು, ನಡೆಯುವುದು ಕಡಿಮೆ, ಮಗ್ಗುಲಲ್ಲೇ ಡಿಎಲ್ಆರ್ ರೈಲು. ರನ್‌ವೇ ಸುಮಾರು ಒಂದೂವರೆ ಕಿ.ಮೀ. ಮಾತ್ರ. ಕಡಿದಾಗಿ ಇಳಿಸಿ ಜೋರಾಗಿ ಬ್ರೇಕ್ ಹಾಕುತ್ತಾರೆ, ಅಮ್ಮನಿಗೆ ಮುಂಚೆಯೇ ಹೇಳಿಡಿ.

ಉತ್ತರ 3: ನಾನು ಅತ್ತೆ ಮಾವನ್ನ ಯೂರೋಸ್ಟಾರ್‌ನಲ್ಲಿ ಕರ್ಕೊಂಡು ಹೋಗಿದ್ದೆ. ಮಂಡಿನೋವು ಇರುವವರಿಗೆ ರೈಲೇ ವಾಸಿ. ಆಮ್‌ಸ್ಟರ್‌ಡ್ಯಾಮ್ ಸೆಂಟ್ರಾಲ್‌ನಿಂದ ಲಂಡನ್‌ನ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್‌ಗೆ ಸುಮಾರು 4 ಗಂಟೆ. ಎರಡೂ ಕಡೆಯ ಪಾಸ್‌ಪೋರ್ಟ್ ತಪಾಸಣೆ ಹತ್ತುವ ಮೊದಲೇ ಮುಗಿಯುತ್ತೆ. ಅದಕ್ಕೆ ಒಂದು ಗಂಟೆಗೂ ಮೊದಲೇ ಹೋಗಿ. ಇಳಿದರೆ ಊರ ನಡುವೆಯೇ ಇರುತ್ತೀರಿ. ಸಮುದ್ರದಡಿಯ ಸುರಂಗ 50 ಕಿ.ಮೀ., ದಾಟುವುದಕ್ಕೆ 20 ನಿಮಿಷ. ಕಿಟಕಿ ಪೂರ್ತಿ ಕಪ್ಪಾದಾಗ ಅತ್ತೆ ಡಬ್ಬಿ ಬಿಚ್ಚಿದ್ದರು. ಚಪಾತಿ, ಚಟ್ನಿಪುಡಿಗೆ ತೊಂದರೆ ಇಲ್ಲ. ಮೊಸರನ್ನ ಮಾತ್ರ ಹತ್ತುವ ಮೊದಲೇ ಖಾಲಿ ಮಾಡಿ. 2025ರ ಏಪ್ರಿಲ್‌ನಿಂದ ಈ ಕಡೆಯಿಂದ ಹಾಲಿನ ಪದಾರ್ಥ ಬ್ರಿಟನ್‌ಗೆ ಒಯ್ಯುವಂತಿಲ್ಲ.