ಅಳತೆಗೂ ಲೆಕ್ಕಕ್ಕೂ ತಾಳೆಯಾಗದಿದ್ದಾಗ ವಿಜ್ಞಾನಿಗಳು ಯಾವುದನ್ನು ನಂಬುತ್ತಾರೆ?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ):

ಸಿದ್ಧಾಂತಕ್ಕೂ ಪ್ರಯೋಗಕ್ಕೂ ತಾಳೆಯಾಗದಿದ್ದರೆ ಸಿದ್ಧಾಂತವನ್ನೇ ಕೈಬಿಡಬೇಕು ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಆದರೆ ಅದೇ ಮಕ್ಕಳು ಪ್ರಯೋಗಾಲಯದಲ್ಲಿ ಸರಳ ಲೋಲಕವನ್ನು ತೂಗಿಬಿಟ್ಟು ಗುರುತ್ವ ವೇಗೋತ್ಕರ್ಷಕ್ಕೆ 9.3 ಎಂಬ ಬೆಲೆಯನ್ನು ತಂದರೆ, ಪ್ರಯೋಗ ತಪ್ಪಾಗಿದೆ, ಮತ್ತೆ ಮಾಡಿ ಎನ್ನುತ್ತೇವೆ. ಇವು ಒಂದಕ್ಕೊಂದು ವಿರುದ್ಧವಾದ ಎರಡು ನಿಯಮಗಳಲ್ಲವೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದ್ದಾಳೆ. ಅವಳ ಪ್ರಶ್ನೆ ನ್ಯಾಯವಾದದ್ದೆಂದೇ ನನಗೆ ಅನ್ನಿಸುತ್ತದೆ. ಉಪಕರಣ ಒಂದು ಹೇಳಿ, ಮಾದರಿ ಇನ್ನೊಂದು ಹೇಳಿದಾಗ ವಿಜ್ಞಾನಿಗಳು ಏನು ಮಾಡಿದರು ಎಂಬುದಕ್ಕೆ, ಅಂಕಿಅಂಶಗಳ ಸಹಿತ, ನಿಜವಾಗಿ ನಡೆದ ಒಂದು ಪ್ರಸಂಗವನ್ನು ಯಾರಾದರೂ ವಿವರಿಸುವಿರಾ?

ಉತ್ತರ (ಭೂಮಾಪನ ಕ್ಷೇತ್ರದವರು):

ನಮ್ಮ ದೇಶದಲ್ಲೇ ನಡೆದ ಒಂದು ಪ್ರಸಂಗ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದು, 1802ರಲ್ಲಿ ಮದ್ರಾಸಿನಿಂದ ವಿಧ್ಯುಕ್ತವಾಗಿ ಆರಂಭಿಸಿದ ಮಹಾ ತ್ರಿಕೋನಮಾಪನ ಸರ್ವೇಕ್ಷಣೆ, ಲ್ಯಾಂಬ್ಟನ್ನರ ನಂತರ ಅದರ ಮುಖ್ಯಸ್ಥರಾದ ಜಾರ್ಜ್ ಎವರೆಸ್ಟರ ಕಾಲಕ್ಕೆ ಹಿಮಾಲಯದ ತಪ್ಪಲಿನವರೆಗೂ ತಲುಪಿತ್ತು. ಮಧ್ಯಭಾರತದ ಕಲ್ಯಾಣಪುರ ಮತ್ತು ಹಿಮಾಲಯಕ್ಕೆ ಹತ್ತಿರವಿರುವ ಕಲಿಯಾನಾ ಎಂಬ ಎರಡು ಠಾಣೆಗಳ ಅಕ್ಷಾಂಶ ವ್ಯತ್ಯಾಸವನ್ನು ಅವರು ಎರಡು ಬಗೆಯಲ್ಲಿ ಕಂಡುಕೊಂಡರು. ಒಂದು, ನೆಲದ ಮೇಲೆ ತ್ರಿಕೋನಗಳನ್ನು ಹೆಣೆಯುತ್ತಾ ಹೋಗಿ, ಭೂಮಿಯು ಧ್ರುವಗಳಲ್ಲಿ ತುಸು ಚಪ್ಪಟೆಯಾದ ಗೋಳವೆಂಬ ಮಾದರಿಯ ಮೇಲೆ ಲೆಕ್ಕ ಹಾಕುವುದು. ಇನ್ನೊಂದು, ಎರಡೂ ಠಾಣೆಗಳಲ್ಲಿ ನಕ್ಷತ್ರಗಳ ಎತ್ತರವನ್ನು ನೋಡಿ ಅಕ್ಷಾಂಶವನ್ನು ನೇರವಾಗಿ ಪಡೆಯುವುದು. ಸುಮಾರು 600 ಕಿಲೋಮೀಟರ್ ಅಂತರದಲ್ಲಿ ಈ ಎರಡು ಉತ್ತರಗಳ ನಡುವೆ 5.236 ಸೆಕೆಂಡ್‌ಗಳ (ಇಲ್ಲಿ ಸೆಕೆಂಡ್ ಎಂದರೆ ಒಂದು ಡಿಗ್ರಿಯ 3600ನೆಯ ಒಂದು ಪಾಲು) ಕೋನವ್ಯತ್ಯಾಸ ಬಂದಿತು. ನೆಲದ ಮೇಲೆ ಅದು ಸುಮಾರು 160 ಮೀಟರ್. ಆ ಸರ್ವೇಕ್ಷಣೆಯ ಮಟ್ಟಕ್ಕೆ ಇದು ಸಹಿಸಲಾಗದಷ್ಟು ದೊಡ್ಡದು.

ಎವರೆಸ್ಟ್ ಅದನ್ನು ತ್ರಿಕೋನಮಾಪನದಲ್ಲಿ ಸೇರುತ್ತಾ ಬಂದ ದೋಷವೆಂದು ಭಾವಿಸಿ ಹಂಚಿಹಾಕಿದರು. ಕಲ್ಕತ್ತೆಯಲ್ಲಿ ಪಾದ್ರಿಯಾಗಿದ್ದ ಗಣಿತಜ್ಞ ಜಾನ್ ಹೆನ್ರಿ ಪ್ರಾಟ್ ಮಾತ್ರ ಅದನ್ನು ಒಪ್ಪಲಿಲ್ಲ. ನಕ್ಷತ್ರದ ಎತ್ತರವನ್ನು ಅಳೆಯಬೇಕಾದರೆ ನೆತ್ತಿಯ ದಿಕ್ಕು ಯಾವುದೆಂದು ಮೊದಲು ಗೊತ್ತಿರಬೇಕು, ಅದನ್ನು ಹೇಳುವುದು ತೂಗುಗುಂಡು. ಹಿಮಾಲಯದಂಥ ಭಾರಿ ರಾಶಿ ಬದಿಯಲ್ಲಿದ್ದರೆ ಅದು ಗುಂಡನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಹಾಗಾಗಿ ನೆತ್ತಿಯೇ ವಾಲುತ್ತದೆ ಎಂಬುದು ಅವರ ವಾದ. ಅವರು ಪರ್ವತಗಳ ಮತ್ತು ಅವುಗಳಾಚೆಯ ಪ್ರಸ್ಥಭೂಮಿಯ ರಾಶಿಯನ್ನು ಅಂದಾಜಿಸಿ ಲೆಕ್ಕ ಹಾಕಿದಾಗ ಎರಡು ಠಾಣೆಗಳ ನಡುವೆ ಬರಬೇಕಾದ ವ್ಯತ್ಯಾಸ 15.885 ಸೆಕೆಂಡ್ ಎಂದು ತಿಳಿಯಿತು. ಅಂದರೆ ದೋಷದ ಮೂಲವೇನೋ ಸಿಕ್ಕಿತು, ಆದರೆ ಅಳತೆಯಲ್ಲಿ ಕಂಡ ವ್ಯತ್ಯಾಸ ಲೆಕ್ಕದ ಪ್ರಕಾರ ಇರಬೇಕಾದುದರ ಮೂರನೆಯ ಒಂದು ಪಾಲು ಮಾತ್ರ ಇತ್ತು.

ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರವಿರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಗುರುತ್ವ ನಿಯಮವನ್ನು ಯಾರೂ ಕೈಬಿಡಲಿಲ್ಲ, ನಕ್ಷತ್ರ ನೋಡಿದವರು ಅಜಾಗರೂಕರೆಂದೂ ಯಾರೂ ಹೇಳಲಿಲ್ಲ. ಪ್ರಾಟರ ಲೆಕ್ಕದೊಳಗೆ ಯಾರೂ ಪರೀಕ್ಷಿಸದ ಒಂದು ಊಹೆ ಕೂತಿತ್ತು: ಪರ್ವತದ ಕೆಳಗಿನ ಶಿಲೆಯೂ ಬಯಲಿನ ಕೆಳಗಿನ ಶಿಲೆಯೂ ಒಂದೇ ಸಾಂದ್ರತೆಯವು ಎಂಬುದು. ಇಂಗ್ಲೆಂಡಿನ ರಾಜ ಖಗೋಳಜ್ಞ ಜಾರ್ಜ್ ಏರಿ 1855ರಲ್ಲಿ ಅದನ್ನೇ ಪ್ರಶ್ನಿಸಿದರು. ಮಂಜುಗಡ್ಡೆಯು ನೀರಿನಲ್ಲಿ ತೇಲುವಂತೆ ಹಗುರವಾದ ಹೊರಪದರವು ಹೆಚ್ಚು ಸಾಂದ್ರವಾದ ಒಳಪದರದ ಮೇಲೆ ತೇಲುತ್ತಿದೆ, ಎತ್ತರವಾದ ಪರ್ವತಕ್ಕೆ ಆ ಎತ್ತರಕ್ಕೆ ತಕ್ಕಂತೆ ಆಳವಾದ ಬೇರು ಇದೆ, ಆ ಹಗುರ ಬೇರಿನಿಂದಾಗಿ ಒಟ್ಟು ಎಳೆತ ಕಡಿಮೆಯಾಗುತ್ತದೆ ಎಂದರು. ಸರ್ವೇಕ್ಷಣೆಯ ದೋಷವೆಂದು ಹಂಚಿಹಾಕಿದ್ದ ಆ ಐದು ಸೆಕೆಂಡ್‌ಗಳು ಭೂಮಿಯ ಒಳರಚನೆಯನ್ನು ತಿಳಿಸುವ ಅಳತೆಯಾಗಿಬಿಟ್ಟವು.

ಪ್ರತಿಕ್ರಿಯೆ (ಭೂಭೌತವಿಜ್ಞಾನದ ಸಂಶೋಧಕ):

ಮೇಲಿನ ವಿವರಣೆಗೆ ಒಂದು ಮುಖ್ಯವಾದ ಮಾತನ್ನು ಸೇರಿಸಬೇಕು, ಇಲ್ಲದಿದ್ದರೆ ಏರಿಯವರ ಮಾದರಿ ಅಂದೇ ಗೆದ್ದಿತೆಂಬ ಭಾವನೆ ಉಳಿಯುತ್ತದೆ. ಪ್ರಾಟ್ 1859ರಲ್ಲಿ ತಮ್ಮದೇ ಇನ್ನೊಂದು ಮಾದರಿಯನ್ನು ಮುಂದಿಟ್ಟರು. ಅದರ ಪ್ರಕಾರ ಬೇರುಗಳಿಲ್ಲ; ಪರ್ವತದ ಕೆಳಗಿನ ಕಂಬದಂಥ ಭಾಗವು ಒಂದು ನಿಶ್ಚಿತ ಆಳದವರೆಗೂ ಕಡಿಮೆ ಸಾಂದ್ರತೆಯದ್ದು, ಅಷ್ಟೆ. ತೂಗುಗುಂಡಿನ ವಾಲಿಕೆಯನ್ನು ಎರಡು ಮಾದರಿಗಳೂ ವಿವರಿಸಬಲ್ಲವಾಗಿದ್ದವು, ಏಕೆಂದರೆ ತೂಗುಗುಂಡಿಗೆ ಒಟ್ಟು ಎಳೆತ ಗೊತ್ತಾಗುತ್ತದೆಯೇ ಹೊರತು ಆ ರಾಶಿ ಕೆಳಗೆ ಹೇಗೆ ಹಂಚಿಹೋಗಿದೆ ಎಂಬುದು ಗೊತ್ತಾಗುವುದಿಲ್ಲ. ಒಂದು ಉಪಕರಣದ ಅಳತೆಗಳನ್ನು ಎಷ್ಟೇ ಹೆಚ್ಚಿಸಿದರೂ ತೀರದ ವಿವಾದಗಳಿರುತ್ತವೆ ಎಂಬುದನ್ನು ಮಕ್ಕಳಿಗೆ ಹೇಳುವುದು ಅತ್ಯಗತ್ಯ. ಬೇರೆ ತತ್ತ್ವದ ಮೇಲೆ ಕೆಲಸ ಮಾಡುವ ಬೇರೆ ಉಪಕರಣವೇ ಬೇಕಾಗುತ್ತದೆ. ಇಲ್ಲಿ ಅದು ಭೂಕಂಪಮಾಪಕವಾಯಿತು. ಕಂಪನದ ಅಲೆಗಳ ಪ್ರಯಾಣಕಾಲದಿಂದ ಟಿಬೆಟ್ಟಿನ ಕೆಳಗೆ ಹೊರಪದರದ ದಪ್ಪ ಸುಮಾರು 70 ಕಿಲೋಮೀಟರ್, ಎಂದರೆ ಸಾಮಾನ್ಯ ಭೂಖಂಡದ ದಪ್ಪಕ್ಕೆ ಹೆಚ್ಚುಕಡಿಮೆ ಎರಡರಷ್ಟು ಇದೆಯೆಂದು ತಿಳಿದುಬಂದಿತು. ಹಿಮಾಲಯ ಮತ್ತು ಟಿಬೆಟ್ಟಿನ ಮಟ್ಟಿಗೆ ಏರಿ ಸತ್ಯಕ್ಕೆ ಹತ್ತಿರವಿದ್ದರು. ಸಾಗರಮಧ್ಯದ ಏಣುಗಳಲ್ಲಿ ಬಿಸಿಯಾದ, ಕಡಿಮೆ ಸಾಂದ್ರತೆಯ ಶಿಲೆಯೇ ಎತ್ತರಕ್ಕೆ ಕಾರಣವಾಗಿರುವುದರಿಂದ ಅಲ್ಲಿ ಪ್ರಾಟರ ಮಾದರಿ ಹೆಚ್ಚು ಹೊಂದುತ್ತದೆ.

ಇದು ಹಳೆಯ ಕಾಲದ ಸಂಗತಿಯೂ ಅಲ್ಲ. ಜಿಪಿಎಸ್ ಉಪಕರಣ ನೇರವಾಗಿ ಕೊಡುವುದು ಗಣಿತದ ಆದರ್ಶ ಗೋಳದಿಂದ ಎತ್ತರವನ್ನು, ಸಮುದ್ರಮಟ್ಟದಿಂದ ಅಲ್ಲ. ಭೂಮಿಯೊಳಗೆ ರಾಶಿಯ ಹಂಚಿಕೆ ಸಮವಾಗಿಲ್ಲದ ಕಾರಣ ದಕ್ಷಿಣ ಭಾರತದ ಸುತ್ತ ಸಮುದ್ರಮಟ್ಟದ ಮೇಲ್ಮೈ ಆ ಗೋಳಕ್ಕಿಂತ ಬಹಳ ಕೆಳಗಿದೆ; ಶ್ರೀಲಂಕಾದ ದಕ್ಷಿಣದ ಸಾಗರದಲ್ಲಿ ಅದು 100 ಮೀಟರಿಗೂ ಹೆಚ್ಚು ಕೆಳಗಿದ್ದು, ಇಡೀ ಜಗತ್ತಿನಲ್ಲೇ ಅತಿ ತಗ್ಗಾದ ಜಾಗವಾಗಿದೆ. ಆದ್ದರಿಂದ ಬೆಂಗಳೂರಿನಲ್ಲಿ ತಿದ್ದುಪಡಿ ಮಾಡದ ಜಿಪಿಎಸ್ ಎತ್ತರವು ನಕ್ಷೆಯ ಎತ್ತರಕ್ಕಿಂತ 80 ಮೀಟರಿಗೂ ಹೆಚ್ಚು ಕಡಿಮೆ ಬರುತ್ತದೆ. ಉಪಕರಣ ಕೆಟ್ಟಿರುವುದಿಲ್ಲ, ನಕ್ಷೆಯೂ ತಪ್ಪಿರುವುದಿಲ್ಲ. ಎರಡೂ ಬೇರೆ ಬೇರೆ ಮೇಲ್ಮೈಗಳಿಂದ ಅಳೆಯುತ್ತಿರುತ್ತವೆ.

ಪ್ರತಿಕ್ರಿಯೆ (ಕಾಲೇಜಿನ ಭೌತಶಾಸ್ತ್ರ ಅಧ್ಯಾಪಕ):

ಮಕ್ಕಳು ತಂದ 9.3 ಎಂಬ ಬೆಲೆಯ ಬಗ್ಗೆ ಹೇಳುವುದಾದರೆ, ದಯವಿಟ್ಟು ಅದನ್ನು ಅಳಿಸಿಹಾಕಿಸಬೇಡಿ. ಬೆಂಗಳೂರಿನಲ್ಲಿ ಇರಬೇಕಾದ ಬೆಲೆ ಸುಮಾರು 9.78. ಹಾಗಾದರೆ ಕೊರತೆ ಶೇಕಡಾ 5ರಷ್ಟು. ನಿಲ್ಲುಗಡಿಯಾರವನ್ನು ಒತ್ತುವ ಕೈಯ ವಿಳಂಬ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ತರುತ್ತದೆ, ಇಪ್ಪತ್ತು ಆಂದೋಲನಗಳನ್ನು ಒಟ್ಟಿಗೆ ಎಣಿಸಿದರೆ ಬಹಳ ಮಟ್ಟಿಗೆ ಅಡಗುತ್ತದೆ. ತರಗತಿಯ ಎಲ್ಲ ಗುಂಪುಗಳಿಗೂ ಕಡಿಮೆಯೇ ಬಂದಿದ್ದರೆ ಅದಕ್ಕೆ ಒಂದು ನಿರ್ದಿಷ್ಟ ಕಾರಣವಿರಬೇಕು. ಲೋಲಕದ ಸೂತ್ರವೂ ಒಂದು ಮಾದರಿಯೇ: ರಾಶಿಯೆಲ್ಲ ಒಂದು ಬಿಂದುವಿನಲ್ಲಿದೆ, ಉದ್ದವನ್ನು ಆ ಬಿಂದುವಿನವರೆಗೆ ಅಳೆಯಲಾಗಿದೆ ಎಂದು ಅದು ಭಾವಿಸುತ್ತದೆ. ಮಕ್ಕಳು 50 ಸೆಂಟಿಮೀಟರ್ ದಾರವನ್ನಷ್ಟೇ ಅಳೆದು, ಕೊಕ್ಕೆ ಮತ್ತು ಗುಂಡಿನ ತ್ರಿಜ್ಯ ಸೇರಿ ಎರಡೂವರೆ ಸೆಂಟಿಮೀಟರನ್ನು ಬಿಟ್ಟಿದ್ದರೆ ಬರುವ ಬೆಲೆ ಸರಿಯಾಗಿ 9.3ರ ಆಸುಪಾಸೇ.

ಇದನ್ನು ಊಹೆಗೆ ಬಿಡಬೇಕಾಗಿಲ್ಲ. ದಾರದ ಉದ್ದವನ್ನು 30 ಸೆಂಟಿಮೀಟರಿನಿಂದ 1 ಮೀಟರಿನವರೆಗೆ ಬದಲಿಸುತ್ತಾ, ಆಂದೋಲನದ ಅವಧಿಯ ವರ್ಗವನ್ನು ಉದ್ದಕ್ಕೆ ಎದುರಾಗಿ ನಕ್ಷೆಯ ಹಾಳೆಯಲ್ಲಿ ಗುರುತಿಸಲಿ. ಸರಳರೇಖೆಯ ಇಳಿಜಾರಿನಿಂದ ಸಿಗುವ ಗುರುತ್ವದ ಬೆಲೆಗೆ ಬಿಟ್ಟುಹೋದ ಉದ್ದದ ಸೋಂಕು ತಗಲುವುದಿಲ್ಲ. ಆ ರೇಖೆ ಮೂಲಬಿಂದುವಿನ ಮೂಲಕ ಹಾದುಹೋಗದೆ, ಹಿಂದಕ್ಕೆ ಎಳೆದಾಗ ಉದ್ದದ ಅಕ್ಷವನ್ನು ಸೊನ್ನೆಯಿಂದ ಎಡಕ್ಕೆ ಎಷ್ಟು ಸೆಂಟಿಮೀಟರ್ ದೂರದಲ್ಲಿ ಕತ್ತರಿಸುತ್ತದೋ ಅಷ್ಟೇ ಉದ್ದವನ್ನು ಅವರು ಅಳೆಯದೆ ಬಿಟ್ಟಿದ್ದಾರೆ ಎಂದರ್ಥ. ಆಮೇಲೆ ಗುಂಡನ್ನು ಕೊಕ್ಕೆಯ ಸಮೇತ ವರ್ನಿಯರ್ ಕ್ಯಾಲಿಪರ್ಸ್‌ನಲ್ಲಿ ಅಳೆದು ತಾಳೆ ನೋಡಲಿ.