ಕೋಹೌಸಿಂಗ್‌ಗೆ ಕನ್ನಡದಲ್ಲಿ ಏನನ್ನೋಣ? ‘ನೆರೆಕರೆ’ ಆದೀತಾ?

ಎಲ್ಲರಿಗೂ ನಮಸ್ಕಾರ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಾವು ಏಳೆಂಟು ಮನೆಯವರು ಸೇರಿ ಜಾಗ ನೋಡುತ್ತಿದ್ದೇವೆ. ಮಕ್ಕಳೆಲ್ಲ ಬೆಂಗಳೂರು, ದುಬೈ ಸೇರಿಕೊಂಡವರು. ಅವರವರ ಮನೆ ಅವರವರಿಗೆ, ಅಡುಗೆಮನೆಯೂ ಬೇರೆ. ಆದರೆ ಬಾವಿ, ತೋಟ, ವಾರಕ್ಕೆರಡು ಸಲ ಒಟ್ಟಿಗೆ ಊಟ ಮಾಡಲಿಕ್ಕೆ ಒಂದು ದೊಡ್ಡ ಚಾವಡಿ ಎಲ್ಲರದ್ದೂ. ನಕ್ಷೆ, ಖರ್ಚು, ನಿಯಮ ಎಲ್ಲ ನಾವೇ ಕೂತು ತೀರ್ಮಾನಿಸುವುದು. ಹೀಗೆ ಬಾಳುವುದಕ್ಕೇ ಇಂಗ್ಲಿಷಿನಲ್ಲಿ ಕೋಹೌಸಿಂಗ್ ಅನ್ನುವುದು. ಇದಕ್ಕೊಂದು ಕರಪತ್ರ ಬರೆಯುವ ಕೆಲಸ ನನ್ನ ತಲೆಗೆ ಬಂತು. ಹೆಸರಿನಲ್ಲೇ ಸಿಕ್ಕಿಬಿದ್ದೆ.

ಮೊದಲು ‘ಸಹವಾಸ ಗೃಹ’ ಅಂತ ಬರೆದು ಅತ್ತೆಗೆ ಓದಿ ಹೇಳಿದೆ. ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಿ, “ಎಂಥದು ಮಾರಾಯ? ಸಹವಾಸವೇ ಬೇಡ ಅಂತ ಅಲ್ವಾ ಜನ ಬೇರೆ ಮನೆ ಮಾಡುವುದು?” ಅಂದರು. ಹೊಡೆದುಹಾಕಿದೆ. ‘ಸಹವಾಸದೋಷ’, ‘ಅವನ ಸಹವಾಸ ಸಾಕು’ ಅನ್ನುವ ಭಾಷೆಯಲ್ಲಿ ಆ ಪದ ನಿಲ್ಲುವುದಿಲ್ಲ.

‘ಸಹಕಾರಿ ವಸತಿ’ ಅಂದರೆ ಸೈಟು ಹಂಚುವ ಸೊಸೈಟಿ ಅಂದುಕೊಳ್ಳುತ್ತಾರೆ. ‘ಕೂಡುಕುಟುಂಬ’ಕ್ಕೆ ರಕ್ತಸಂಬಂಧ ಬೇಕು, ಮೇಲೊಬ್ಬ ಯಜಮಾನನೂ ಬೇಕು. ಕೇರಳದಲ್ಲಂತೂ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನು 1975ರ ಕಾಯ್ದೆಯೇ ತೆಗೆದುಹಾಕಿದೆ. ‘ಕಾಲೊನಿ’ಯ ಕಥೆ ಇನ್ನೊಂದು. ಕೇರಳದಲ್ಲಿ ಬಡವರಿಗೆ ಲಕ್ಷ ಮನೆ ಕಟ್ಟಿಕೊಡಲಿಕ್ಕೆ ಬಂದ 1972ರ ಲಕ್ಷಂವೀಡು ಯೋಜನೆಯ ಮನೆಗಳಿದ್ದ ಜಾಗಗಳಿಗೆ ಆ ಹೆಸರು ಅಂಟಿತು, ಜೊತೆಗೆ ಕೀಳಾಗಿ ನೋಡುವ ಅಭ್ಯಾಸವೂ. ಪರಿಶಿಷ್ಟರ ವಾಸದ ಜಾಗಗಳಿಗೆ ‘ಕಾಲೊನಿ’ ಅನ್ನಬಾರದು ಅಂತ ಕೇರಳ ಸರಕಾರ 2024ರಲ್ಲಿ ಆದೇಶ ಮಾಡಿತು.

‘ವಠಾರ’ ಸೊಗಸಾದ ಪದ. ಆದರೆ ಮೈಸೂರು ಕಡೆ ಅದು ಒಬ್ಬ ಮಾಲೀಕ, ಸಾಲುಮನೆ, ಬಾಡಿಗೆದಾರರು, ನಲ್ಲಿ ಜಗಳ. ನಮ್ಮಲ್ಲಿ ಬರೀ ಆವರಣ: ‘ಶಾಲಾ ವಠಾರದಲ್ಲಿ ಯಕ್ಷಗಾನ’ ಅಂತ ದಿನಾ ಪೇಪರಿನಲ್ಲಿ ಬರುತ್ತದೆ. ಒಂದೇ ಕರಪತ್ರ ಎರಡು ಕಡೆ ಎರಡು ಅರ್ಥ ಕೊಟ್ಟರೆ ಕಷ್ಟ.

ಕೋಹೌಸಿಂಗಿನ ಮೂಲ ಡೆನ್ಮಾರ್ಕ್. ಅಲ್ಲಿ 1972ರಲ್ಲಿ ಸೆಟ್ಟೆಡಾಮೆನ್ ಅನ್ನುವಲ್ಲಿ 27 ಮನೆಗಳು ಹೀಗೆ ಎದ್ದವು. ಅವರ ಮಾತಿನಲ್ಲಿ ಇದಕ್ಕೆ ‘ಬೋಫೆಲೆಸ್ಕೇಬ್’ ಅನ್ನುತ್ತಾರೆ. ‘ಬೋ’ ಅಂದರೆ ಇರು, ವಾಸಮಾಡು. ಉಳಿದದ್ದು ಒಟ್ಟುಗೂಡಿಕೆ. ಕೋಹೌಸಿಂಗ್ ಅನ್ನುವ ಇಂಗ್ಲಿಷ್ ಹೆಸರನ್ನು 1988ರ ತಮ್ಮ ಪುಸ್ತಕದಲ್ಲಿ ಚಲಾವಣೆಗೆ ತಂದವರು ಅಮೆರಿಕದ ವಾಸ್ತುಶಿಲ್ಪಿಗಳಾದ ಕ್ಯಾಥ್ರಿನ್ ಮೆಕಮಂಟ್ ಮತ್ತು ಚಾರ್ಲ್ಸ್ ಡ್ಯುರೆಟ್. ಡೇನಿಷ್ ಪದದಲ್ಲಿ ಕಟ್ಟಡವೇ ಇಲ್ಲ, ನೋಡಿ. ಇಂಗ್ಲಿಷಿಗೆ ಬಂದಾಗ ‘ಹೌಸಿಂಗ್’ ಸೇರಿಕೊಂಡಿತು. ನಾವೂ ಸುಮ್ನೆ ಗೃಹ, ವಸತಿ ಅಂತ ಅದರ ಹಿಂದೆ ಹೋಗುತ್ತಿದ್ದೇವೆ.

ಹಾಗಾಗಿ ನನಗೆ ‘ನೆರೆಕರೆ’ ಹಿಡಿಸಿದೆ. ಕಾಸರಗೋಡು, ಪುತ್ತೂರು ಕಡೆ ಇದು ದಿನಬಳಕೆಯ ಪದ. ಮದುವೆಯ ಹಿಂದಿನ ದಿನ ತರಕಾರಿ ಹೆಚ್ಚಲಿಕ್ಕೆ ಬರುವವರು, ಸಾವಿನ ಮನೆಗೆ ಮೊದಲು ಓಡುವವರು ನೆರೆಕರೆಯವರು. ಸಂಬಂಧಿಕರೇ ಆಗಬೇಕಂತಿಲ್ಲ, ಜಾತಿಯೂ ಒಂದೇ ಆಗಬೇಕಿಲ್ಲ. ‘ನೆರೆಹೊರೆ’ಗಿಂತ ಇದರಲ್ಲಿ ಹಕ್ಕು ಜಾಸ್ತಿ ಅಂತ ನನ್ನ ಕಿವಿಗೆ. ತೊಂದರೆ ಒಂದೇ. ನೆರೆಕರೆ ತಾನಾಗಿ ಸಿಗುವುದು, ನಮ್ಮದು ಆರಿಸಿಕೊಂಡದ್ದು. ‘ಕಟ್ಟಿಕೊಂಡ ನೆರೆಕರೆ’ ಅಂದರೆ ಕಟ್ಟಿಕೊಂಡ ಹೆಂಡತಿ ನೆನಪಾಗುತ್ತದೆ!

ಈಗ ಕೇಳುವುದು ಎರಡು. ಘಟ್ಟದ ಮೇಲಿನವರಿಗೆ ‘ನೆರೆಕರೆ ಮನೆಗಳು’ ಅಂದರೆ ಏನು ಹೊಳೆಯುತ್ತದೆ? ಕರೆ ಅಂದರೆ ಫೋನ್ ಕರೆ ಅಂದುಕೊಳ್ಳುತ್ತೀರಾ? ಮತ್ತೆ, ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕನ್ನಡದಲ್ಲಿ ಯಜಮಾನನಿಲ್ಲದೆ ನಾಲ್ಕು ಮನೆ ಕೂಡಿ ಬಾಳುವುದಕ್ಕೆ ಪದ ಉಂಟಾ? ಕರಪತ್ರ ಅಚ್ಚಿಗೆ ಹೋಗಲಿಕ್ಕೆ ಇನ್ನು ಹದಿನೈದು ದಿನ ಇದೆ.